ಅವಧಾನದ ದೌರ್ಬಲ್ಯವೂ ಆಯುರ್ವೇದದ ವಿವೇಕವೂ

ಕೈಗೆತ್ತಿಕೊಂಡ ಕೆಲಸವನ್ನು ಕೊನೆಮುಟ್ಟಿಸಲಾರದೆ, ಕೊಟ್ಟ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಲಾರದೆ, ಹೊತ್ತಿಗೆ ಸರಿಯಾಗಿ ಎಲ್ಲಿಯೂ ಹೋಗಿ ಸೇರಲಾರದೆ, ಬುದ್ಧಿಯಲ್ಲಿ ಯಾವ ನ್ಯೂನತೆಯೂ ಇಲ್ಲದಿದ್ದರೂ ಬದುಕಿನ ಸಾಮಾನ್ಯ ವ್ಯವಹಾರಗಳಲ್ಲಿ ಪದೇ ಪದೇ ಎಡವುವ ಸ್ತ್ರೀಪುರುಷರು ನಮ್ಮ ನಡುವೆ ಇದ್ದಾರೆ. ಸೋಮಾರಿ, ಹೊಣೆಗೇಡಿ ಎಂಬ ನಿಂದೆಯನ್ನು ಬಾಲ್ಯದಿಂದಲೂ ಕೇಳಿ ಬೆಳೆದ ಇವರಲ್ಲಿ ಕೆಲವರಿಗೆ, ಮೂವತ್ತೋ ನಲವತ್ತೋ ದಾಟಿದ ಮೇಲೆ, ತಮ್ಮದು ಶೀಲದೋಷವಲ್ಲ, ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ಅವಧಾನದ ದೌರ್ಬಲ್ಯ ಎಂಬುದು ತಿಳಿದುಬರುತ್ತದೆ. ತಿಳಿದ ಬೆನ್ನಿಗೇ 'ನೈಸರ್ಗಿಕ' ಪರಿಹಾರವನ್ನು ಸಾರುವ ಜಾಹೀರಾತುಗಳು ಅವರನ್ನು ಮುತ್ತುತ್ತವೆ. ಆಯುರ್ವೇದವನ್ನು ಗೌರವಿಸುವವರು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದುಂಟು: ಆ ಶಾಸ್ತ್ರವು ಇಂಥವರಿಗೆ ನೀಡಬಲ್ಲ ಶ್ರೇಷ್ಠವಾದ ನೆರವು ದಿನಚರಿಯ ಶಿಕ್ಷಣವೇ ಹೊರತು ಸೀಸೆಯೊಳಗಿನ ಲೇಹ್ಯವಲ್ಲ.

ಮೊದಲಿಗೆ ರೋಗನಿರ್ಣಯ. ಈ ದೌರ್ಬಲ್ಯವು ಪ್ರೌಢವಯಸ್ಸಿನಲ್ಲಿ ಹೊಸದಾಗಿ ಹುಟ್ಟತಕ್ಕದ್ದಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಲಕ್ಷಣಾವಳಿಯ ಪ್ರಕಾರ, ಇದರ ಹಲವು ಚಿಹ್ನೆಗಳು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು. ಮನೆ, ಕಚೇರಿ ಮೊದಲಾದ ಒಂದಕ್ಕಿಂತ ಹೆಚ್ಚು ನೆಲೆಗಳಲ್ಲಿ ಕಾಣಿಸುತ್ತಿರಬೇಕು. ನಿದ್ರಾಭಾವ, ಥೈರಾಯ್ಡ್ ದೋಷ, ಆತಂಕ, ಖಿನ್ನತೆ ಇವುಗಳಲ್ಲಿ ಯಾವುದಾದರೂ ಇದೇ ವೇಷದಲ್ಲಿ ಬರಬಹುದು. ಇರುಳೆಲ್ಲ ಮೊಬೈಲಿನಲ್ಲಿ ಕಳೆದವನ ಅನ್ಯಮನಸ್ಕತೆಯೂ ಹೊರನೋಟಕ್ಕೆ ಹೀಗೆಯೇ ತೋರಬಹುದು. ಆದುದರಿಂದ ಬಲ್ಲ ಮನೋವೈದ್ಯರ ಪರೀಕ್ಷೆಯಾಗುವುದಕ್ಕೆ ಮುನ್ನ ಯಾವ ಪದ್ಧತಿಯ ಮದ್ದನ್ನೂ ಸೇವಿಸತೊಡಗುವುದು ವಿಹಿತವಲ್ಲ.

ಪ್ರಾಚೀನ ಸಂಹಿತೆಗಳಲ್ಲಿ ಈ ಹೆಸರಿನ ವ್ಯಾಧಿಯನ್ನು ಹುಡುಕುವುದು ವ್ಯರ್ಥ. ಉನ್ಮಾದ ಪ್ರಕರಣವನ್ನು ಎಳೆದುತಂದು ಇದಕ್ಕೆ ಹೊಂದಿಸುವುದೂ ಸಾಧುವಲ್ಲ. ಆದರೆ ಅವಧಾನದ ಸ್ವರೂಪವನ್ನು ಚರಕಸಂಹಿತೆಯು ಬಹು ಸೂಕ್ಷ್ಮವಾಗಿ ವಿಚಾರಿಸಿದೆ. ಅದರ ಶಾರೀರಸ್ಥಾನದ ಮೊದಲನೆಯ ಅಧ್ಯಾಯವು ಮನಸ್ಸಿಗೆ ಅಣುತ್ವ, ಏಕತ್ವ ಎಂಬ ಎರಡು ಗುಣಗಳನ್ನು ಹೇಳುತ್ತದೆ. ಇಂದ್ರಿಯವೂ ವಸ್ತುವೂ ಎದುರುಬದುರಾಗಿದ್ದರೂ ಮನಸ್ಸು ಬಂದು ಕೂಡದೆ ಜ್ಞಾನವುಂಟಾಗದೆಂಬುದನ್ನೇ ಮನಸ್ಸಿನ ಇರವಿಗೆ ಪ್ರಮಾಣವಾಗಿ ಹಿಡಿಯುತ್ತದೆ. ವಿಷಯಗಳತ್ತ ಹರಿಯುವ ಮನಸ್ಸನ್ನು ತಡೆದು ನಿಲ್ಲಿಸುವ ಶಕ್ತಿಗೆ ಅಲ್ಲಿ ಧೃತಿಯೆಂದು ಹೆಸರು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವು, ದೈವವನ್ನು ನೆಚ್ಚುವ ದೈವವ್ಯಪಾಶ್ರಯ ಮತ್ತು ಆಹಾರೌಷಧಗಳನ್ನು ಯುಕ್ತಿಯಿಂದ ಬಳಸುವ ಯುಕ್ತಿವ್ಯಪಾಶ್ರಯಗಳ ಜೊತೆಗೆ ಮೂರನೆಯ ಚಿಕಿತ್ಸೆಯಾಗಿ ಪರಿಗಣಿತವಾಗಿದೆ. ದೊಡ್ಡ ಕಾರ್ಯವನ್ನು ಚಿಕ್ಕ ಭಾಗಗಳಾಗಿ ಒಡೆದು, ಮಾಡಬೇಕಾದುದನ್ನೆಲ್ಲ ಬರೆದಿಟ್ಟು, ಮನಸ್ಸನ್ನು ಸೆಳೆಯುವ ವಸ್ತುಗಳನ್ನು ಕಣ್ಣಿಂದ ದೂರವಿಡುವಂತೆ ಇಂದಿನ ಮನಶ್ಶಾಸ್ತ್ರಜ್ಞರು ಕಲಿಸುವ ಅಭ್ಯಾಸಗಳು ಈ ಸತ್ತ್ವಾವಜಯಕ್ಕೆ ಅತಿ ಸಮೀಪದವು.

ಧೃತಿಯು ಉಪದೇಶಮಾತ್ರದಿಂದ ಬರುವುದಿಲ್ಲ. ಅದಕ್ಕೆ ದೇಹದ ಆಸರೆ ಬೇಕು. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಉಪಸ್ತಂಭಗಳನ್ನು ಚರಕನು ಹೆಸರಿಸಿದನು. ಏಳುವ ಹೊತ್ತು, ಅಭ್ಯಂಗ, ವ್ಯಾಯಾಮ, ಸ್ನಾನ, ಭೋಜನ ಇವುಗಳಿಗೆ ವಾಗ್ಭಟನು ತನ್ನ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಕ್ರಮವನ್ನು ವಿಧಿಸಿದನು. ಕಾಲದ ಅರಿವೇ ಸಡಿಲವಾಗಿರುವವನಿಗೆ ಇಂಥ ನಿಯತ ಕ್ರಮವು ಹಂಬಿಗೆ ಕಟ್ಟಿದ ಚಪ್ಪರವಿದ್ದಂತೆ. ಆದರೆ ಈ ದೌರ್ಬಲ್ಯವುಳ್ಳವರು, ಹೊಸದರ ಉತ್ಸಾಹದಲ್ಲಿ ಇಡೀ ದಿನಚರಿಯನ್ನು ಒಂದೇ ಸಲಕ್ಕೆ ಕೈಗೊಂಡು, ವಾರ ಕಳೆಯುವುದರೊಳಗೆ ಅದನ್ನು ಕೈಬಿಟ್ಟು, ತಮ್ಮನ್ನು ತಾವೇ ಹಳಿದುಕೊಳ್ಳುವುದು ಸಹಜ. ಅವರಿಗೆ ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಪಾದಾಂಶಿಕ ಕ್ರಮಕ್ಕಿಂತ ಹಿತವಾದ ಬೋಧೆ ಮತ್ತೊಂದು ನನಗೆ ತೋರದು. ಕೆಟ್ಟ ರೂಢಿಯನ್ನು ಕಾಲುಕಾಲು ಪಾಲಾಗಿ ಬಿಡುತ್ತ, ಒಳ್ಳೆಯದನ್ನು ಕಾಲುಕಾಲು ಪಾಲಾಗಿ ಹಿಡಿಯುತ್ತ ಹೋಗಬೇಕೆಂಬುದು ಅದರ ವಿಧಾನ. ಮಲಗುವ ಹೊತ್ತೊಂದನ್ನು ಮೊದಲು ನೆಲೆಗೊಳಿಸಿ, ಅದು ಮೈಗೂಡಿದ ಮೇಲೆ ಬೆಳಗಿನ ನಡಿಗೆಯನ್ನು ಸೇರಿಸಿ, ಅದೂ ಮೈಗೂಡಿದ ಮೇಲೆ ಊಟದ ವೇಳೆಯನ್ನು ತಿದ್ದಿಕೊಳ್ಳುವವನು ನಿಧಾನವಾಗಿಯಾದರೂ ಸ್ಥಿರವಾಗಿ ಮುಂದುವರಿಯುತ್ತಾನೆ.

ಇನ್ನು ಔಷಧಿಗಳು. ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ ಈ ನಾಲ್ಕನ್ನು ಚರಕನು ಬುದ್ಧಿಯನ್ನು ಪೋಷಿಸುವ ಮೇಧ್ಯರಸಾಯನಗಳೆಂದು ಹೇಳಿದನು. ಮಂಡೂಕಪರ್ಣಿಯೆಂದರೆ ಮಲೆನಾಡು, ಕರಾವಳಿಗಳ ಮನೆಗಳಲ್ಲಿ ತಂಬುಳಿಯಾಗಿ ಬಡಿಸುವ ಒಂದೆಲಗವೇ. ಅಂಗಡಿಯ ಮಾತ್ರೆಗಳಲ್ಲಿ ಹೆಚ್ಚಾಗಿ ಸೇರುವ ನೀರುಬ್ರಾಹ್ಮಿಯು ಬೇರೆಯ ಸಸ್ಯ. ಅದನ್ನು ಆರೋಗ್ಯವಂತರಿಗೆ 12 ವಾರಗಳಷ್ಟು ಕಾಲ ಕೊಟ್ಟು ನಡೆಸಿದ ಕೆಲವು ಸಣ್ಣ ಪ್ರಯೋಗಗಳಲ್ಲಿ ಸ್ಮರಣಶಕ್ತಿಗೆ ಅಲ್ಪಸ್ವಲ್ಪ ಪ್ರಯೋಜನ ಕಂಡಿದೆ. ವಯಸ್ಕರ ಎಡಿಎಚ್‌ಡಿಯನ್ನು ಅದು ನೀಗಿಸುತ್ತದೆಂದು ಘೋಷಿಸುವುದಕ್ಕೆ ಇಷ್ಟು ಸಾಲದು. ಮೀಥೈಲ್‌ಫೆನಿಡೇಟ್ ಮೊದಲಾದ, ಈ ದೌರ್ಬಲ್ಯಕ್ಕೆ ಮನೋವೈದ್ಯರು ಕೊಡುವ ಮದ್ದುಗಳಿಗೆ ಹಸಿವಿಳಿಯುವುದು, ನಿದ್ರೆಗೆಡುವುದು, ರಕ್ತದೊತ್ತಡವೇರುವುದು ಮುಂತಾದ ದೋಷಗಳುಂಟು. ಆದರೂ ಅವುಗಳ ಗುಣಕ್ಕಿರುವ ಪುರಾವೆ ನೀರುಬ್ರಾಹ್ಮಿಗಿರುವುದಕ್ಕಿಂತ ಬಹಳ ಬಲವಾದುದು. ಅವುಗಳಿಂದ ಗುಣ ಕಾಣುತ್ತಿರುವವರು, ಜಾಹೀರಾತನ್ನು ನಂಬಿ, ವೈದ್ಯರಿಗೆ ತಿಳಿಸದೆ ಅವನ್ನು ಬಿಡಬಾರದು.

ನೈಸರ್ಗಿಕವಾದುದೆಲ್ಲ ನಿರಪಾಯವೆಂಬ ನಂಬಿಕೆಯನ್ನು ಆಯುರ್ವೇದವೇ ಒಪ್ಪುವುದಿಲ್ಲ; ಅರಿಯದೆ ಬಳಸಿದ ಮದ್ದು ವಿಷಕ್ಕೆ ಸಮಾನವೆಂಬುದು ಚರಕನ ಎಚ್ಚರಿಕೆ. ಅಶ್ವಗಂಧವನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದು ದಾಖಲಾಗಿದೆ. ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ದೊರೆತ 70 ಆಯುರ್ವೇದ ಸಿದ್ಧೌಷಧಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತು. ಸೀಸವು ಅವಧಾನವನ್ನೇ ಕೆಡಿಸುವ ವಿಷ. ಅವಧಾನಕ್ಕೆಂದು ಕೊಂಡ ಮದ್ದಿನಲ್ಲಿ ಅದು ಅಡಗಿದ್ದರೆ ಅದಕ್ಕಿಂತ ಘೋರವಾದ ಅನ್ಯಾಯವುಂಟೆ? ತಪ್ಪುದಾರಿಗೆಳೆಯುವ ಔಷಧ ಜಾಹೀರಾತುಗಳನ್ನು ತಡೆಯುವುದಕ್ಕೆ 1954ರಲ್ಲಿಯೇ ನಮ್ಮಲ್ಲಿ ಕಾನೂನಾಗಿದೆ. ಅದನ್ನು ದೃಢವಾಗಿ ನಡೆಸುವುದು ಸರ್ಕಾರದ ಕರ್ತವ್ಯ.

ಮನೋವೈದ್ಯನಾದವನು ರೋಗಿಯು ಸೇವಿಸುತ್ತಿರುವ ಚೂರ್ಣ ಕಷಾಯಗಳನ್ನು ತಿರಸ್ಕಾರವಿಲ್ಲದೆ ವಿಚಾರಿಸಿ ತಿಳಿಯಲಿ. ಆಯುರ್ವೇದ ವೈದ್ಯನು ತನ್ನ ಅಳವಿಗೆ ಮೀರಿದ ರೋಗಿಯನ್ನು ಸಂಕೋಚವಿಲ್ಲದೆ ಮನೋವೈದ್ಯನ ಬಳಿಗೆ ಕಳುಹಿಸಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದಗಳನ್ನು ಆಧುನಿಕ ವೈದ್ಯದೊಡನೆ ಕೂಡಿಸುವ ವಿಭಾಗವೇ ಇರುವುದರಿಂದ, ಇಂಥ ಸಹಕಾರ ನಮ್ಮ ನಾಡಿಗೆ ಅಸಾಧ್ಯವಾದುದಲ್ಲ. ವಿವೇಕಿಗೆ ಲೋಕವೆಲ್ಲ ಗುರು, ಶತ್ರುವಾಡಿದರೂ ಹಿತವಾದ ಮಾತು ಗ್ರಾಹ್ಯ ಎಂಬ ಭಾವವು ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೇ ಇರುವಾಗ, ಹೊಸ ವಿಜ್ಞಾನದ ಪರೀಕ್ಷೆಗೆ ಆಯುರ್ವೇದವನ್ನು ಒಡ್ಡುವುದು ಅದಕ್ಕೆ ಮಾಡುವ ಅವಮಾನವಲ್ಲ, ಅದರ ಸತ್ತ್ವಕ್ಕೆ ಸಲ್ಲಿಸುವ ನಿಜವಾದ ಗೌರವ.