ಮಾರುವವರ ಸಂತೆಯಲ್ಲಿ ನಮ್ಮ ಮಕ್ಕಳು

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಸಭೆ ಸಮಾರಂಭಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: 'ನಮ್ಮ ಹುಡುಗ ಐ.ಟಿ.ಯಲ್ಲಿದ್ದಾನೆ.' ಅಲ್ಲಿ ಯಾವ ಕೆಲಸವೆಂದು ಕೇಳಿದರೆ ಉತ್ತರ ತುಸು ತಡವಾಗಿ ಬರುತ್ತದೆ. ಹಿಂಜವಡಿಯಲ್ಲೋ ಖರಾಡಿಯಲ್ಲೋ ಒಂದು ಸಾಫ್ಟ್‌ವೇರ್ ಸಂಸ್ಥೆ, ಹುದ್ದೆಯ ಹೆಸರು ಬಿಸಿನೆಸ್ ಡೆವಲಪ್‌ಮೆಂಟ್ ಮ್ಯಾನೇಜರ್, ವಯಸ್ಸು ಇಪ್ಪತ್ತಮೂರು, ಕೈಕೆಳಗೆ ಒಬ್ಬ ಜವಾನನೂ ಇಲ್ಲ. ಅಪರಿಚಿತರಿಗೆ ಹಗಲಿಡೀ, ಗ್ರಾಹಕರು ಅಮೆರಿಕದವರಾದರೆ ಇರುಳಿಡೀ, ದೂರವಾಣಿ ಮಾಡಿ ತನ್ನ ಸಂಸ್ಥೆಯ ಸಾಫ್ಟ್‌ವೇರನ್ನು ಕೊಳ್ಳಿರೆಂದು ವಿನಂತಿಸುವುದು ಅವನ ಕರ್ತವ್ಯ. ಮಾರಾಟವನ್ನು ಹೀನವೃತ್ತಿಯೆಂದು ನಾನು ಬಗೆದಿಲ್ಲ. ಕರಾವಳಿಯಿಂದ ಬಂದು ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರೂ ಮಾರಾಟದಿಂದಲೇ ಈ ಊರಿನಲ್ಲಿ ಕನ್ನಡಿಗರಿಗೆ ಗೌರವ ತಂದವರು. ಈ ಹೊಸ ವೃತ್ತಿಯ ಲೆಕ್ಕವನ್ನು ಪರಿಶೀಲಿಸದೆಯೇ ಅದನ್ನು ಭದ್ರ ಭವಿಷ್ಯವೆಂದು ಸಾರುತ್ತಿರುವ ನಮ್ಮ ಸಮಾಜದ ನಡವಳಿಕೆಗೆ ಮಾತ್ರ ನನ್ನ ಆಕ್ಷೇಪ.

ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಛೇರಿಯೊಂದರಲ್ಲಿ ಅಧಿಕಾರಿ. ಧಾರವಾಡದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಈ ಊರಿಗೆ ಬಂದವನು. ಪರಿಚಿತ ಮನೆಗಳವರು ಮಕ್ಕಳ ನೇಮಕಾತಿ ಪತ್ರಗಳನ್ನು ನನಗೆ ತೋರಿಸುವುದುಂಟು, ಹೆಚ್ಚಾಗಿ ಮನೆ ಸಾಲದ ಅರ್ಜಿ ಹಾಕುವ ಮುನ್ನ. ಅಂಥ ಒಂದು ಪತ್ರದ ಮಾದರಿಯನ್ನು ಓದುಗರ ಮುಂದಿಡುತ್ತೇನೆ. ವಾರ್ಷಿಕ ಪ್ಯಾಕೇಜು 9 ಲಕ್ಷ ರೂಪಾಯಿ. ಅದರಲ್ಲಿ ನಿಶ್ಚಿತ ವೇತನ 5 ಲಕ್ಷ 40 ಸಾವಿರ. ಉಳಿದ 3 ಲಕ್ಷ 60 ಸಾವಿರ, ನಿಗದಿತ ಗುರಿ ಮುಟ್ಟಿದರೆ ಮಾತ್ರ ದೊರೆಯುವ ಚರ ವೇತನ. ಗುರಿಯ ನೂರಕ್ಕೆ 70ನ್ನು ದಾಟದಿದ್ದರೆ ಆ ತ್ರೈಮಾಸಿಕಕ್ಕೆ ಚರ ವೇತನವೇ ಇಲ್ಲ; 68ಕ್ಕೆ ನಿಂತವನಿಗೂ ಸೊನ್ನೆ, 8ಕ್ಕೆ ನಿಂತವನಿಗೂ ಸೊನ್ನೆ. ಗುರಿಯನ್ನು ಯಾವಾಗ ಬೇಕಾದರೂ ಬದಲಿಸುವ ಅಧಿಕಾರ ಸಂಸ್ಥೆಯದು. ಕೊಂಡ ಗ್ರಾಹಕ ವರ್ಷದೊಳಗೆ ಒಪ್ಪಂದ ರದ್ದುಪಡಿಸಿದರೆ ಕೊಟ್ಟ ಕಮಿಷನ್ನನ್ನು ಮರಳಿ ಮುರಿದುಕೊಳ್ಳಲಾಗುವುದು. ಇವೆಲ್ಲ ಪತ್ರದಲ್ಲಿಯೇ ಇರುತ್ತವೆ, ಮೂರನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ. ತಂದೆ ಮಾತ್ರ 9 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 75 ಸಾವಿರವೆಂದು ಹಿಗ್ಗುತ್ತಾನೆ. ನಿಶ್ಚಿತವಾಗಿರುವುದು 45 ಸಾವಿರ. ಭವಿಷ್ಯನಿಧಿ, ತೆರಿಗೆಗಳು ಕಡಿತವಾದ ಮೇಲೆ ಕೈಗೆ ಬರುವುದು ಅದಕ್ಕಿಂತಲೂ ಕಡಿಮೆ. ವಾಕಡದಲ್ಲೋ ರಾವೇತದಲ್ಲೋ ಎರಡು ಕೋಣೆಯ ಮನೆಗೆ ಮುಂಗಡ ಕೊಟ್ಟಾಗಿರುತ್ತದೆ, ಹೆಣ್ಣಿನ ಕಡೆಯವರಿಗೆ 75 ಸಾವಿರವೆಂದೇ ಹೇಳಿಯಾಗಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ ತಾನೆ?

ಈ ಸಂತೆಯಲ್ಲಿ ಇಷ್ಟೊಂದು ಜನ ಸೇರಿದ್ದು ಹೇಗೆ? ಕೋಡ್ ಬರೆಯುವ ಕೆಲಸ ಹೇರಳವಾಗಿದ್ದಾಗ ಮಾರಾಟದ ಕಡೆ ನೋಡುವವರು ವಿರಳ. ಆ ಬಾಗಿಲು ಕಿರಿದಾಗುತ್ತಲೇ, ಒಳಗೆ ಹೋಗಲಾರದವರೆಲ್ಲ ಪಕ್ಕದ ಬಾಗಿಲಿಗೆ ನುಗ್ಗಿದರು. 2025ರ ಜುಲೈನಲ್ಲಿ ಟಿ.ಸಿ.ಎಸ್.ನಂಥ ಸಂಸ್ಥೆಯೇ ತನ್ನ ಸಿಬ್ಬಂದಿಯ ನೂರಕ್ಕೆ 2ರಷ್ಟು, ಎಂದರೆ ಸುಮಾರು 12,000 ಜನರನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕೆಲಸ ಕಳೆದುಕೊಂಡ ಎಂಜಿನಿಯರು, ಎಂಜಿನಿಯರಿಂಗ್ ಮುಗಿಸಿ ಕೆಲಸ ಕಾಣದವನು, ಪುಣೆಯ ಸುತ್ತಲಿನ ಎಂ.ಬಿ.ಎ. ಕಾಲೇಜುಗಳಿಂದ ಪ್ರತಿ ಬೇಸಗೆಯಲ್ಲಿ ಹೊರಬೀಳುವವನು, ಬಿ.ಕಾಂ. ಮುಗಿಸಿ ವಿಜಯಪುರ ಕಲಬುರಗಿಗಳಿಂದ ರೈಲು ಹತ್ತಿದವನು, ಎಲ್ಲರೂ ಒಂದೇ ಸಾಲಿನಲ್ಲಿ. ದೂರವಾಣಿ, ವಿಡಿಯೋಗಳ ಮೂಲಕವೇ ಮಾರಾಟ ನಡೆಯುವುದರಿಂದ ಇಂದೂರಿನ, ಜಯಪುರದ ಹುಡುಗರೂ ಅದೇ ಸಾಲಿಗೆ ಸೇರಿದ್ದಾರೆ. ಮಾರುವ ಸರಕಾದರೂ ಬೇರೆ ಬೇರೆಯೇ? ಒಂದೇ ಬಗೆಯ ಹಾಜರಿ ಸಾಫ್ಟ್‌ವೇರು, ಒಂದೇ ಬಗೆಯ ಗ್ರಾಹಕ ನಿರ್ವಹಣೆಯ ಸಾಫ್ಟ್‌ವೇರು, ಬಣ್ಣ ಮಾತ್ರ ಬೇರೆ. ಭೋಸರಿಯ ಸಣ್ಣ ಕಾರ್ಖಾನೆಯ ಮಾಲಿಕನೊಬ್ಬ ಒಂದೇ ವಾರದಲ್ಲಿ ಇಂಥ ಎಷ್ಟು ಕರೆಗಳನ್ನು ಸ್ವೀಕರಿಸಬಲ್ಲ? ಇದರ ನಡುವೆ, ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಮಾರಾಟ ಕಲಿಸಿ ಕೆಲಸ ಕೊಡಿಸುವೆವೆಂಬ ತರಬೇತಿ ಅಂಗಡಿಗಳು ಬೇರೆ. ಸಂತೆಗೆ ಮೂರು ಮೊಳ ನೇಯುವ ಇವರು ವಿದ್ಯಾರ್ಥಿಗೆ ಮಾರುವುದು ಮಾರಾಟದ ಕನಸನ್ನೇ.

ಇನ್ನು ಏಣಿಯ ವಿಚಾರ. ಎಂಟು ಜನ ಕರೆಗಾರರಿಗೆ ಒಬ್ಬ ತಂಡನಾಯಕ, ಎಂಟು ತಂಡನಾಯಕರಿಗೆ ಒಬ್ಬ ಪ್ರಾದೇಶಿಕ ಮುಖ್ಯಸ್ಥ ಎಂದಿಟ್ಟುಕೊಳ್ಳಿ. ಕೆಳಗಿನ 64 ಜನರಲ್ಲಿ 56 ಮಂದಿಗೆ ಮೊದಲ ಮೆಟ್ಟಿಲೂ ಸಿಕ್ಕದು. ಸರ್ಕಾರಿ ನೌಕರಿಯಲ್ಲೂ ಇದೇ ಗೋಪುರವಲ್ಲವೇ ಎಂದು ಕೇಳಬಹುದು. ಹೌದು, ಬಡ್ತಿ ಸಿಗದೆ ಸವೆದ ಗುಮಾಸ್ತರನ್ನು ನನ್ನಷ್ಟು ಕಂಡವರು ಕಡಿಮೆ. ಆದರೆ ಅಲ್ಲಿ 10, 20, 30 ವರ್ಷಗಳ ಸೇವೆಗೆ, ಬಡ್ತಿಯಿಲ್ಲದಿದ್ದರೂ ವೇತನಶ್ರೇಣಿ ಏರುತ್ತದೆ. ಇಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ಲೆಕ್ಕ ಸೊನ್ನೆಯಿಂದ ಆರಂಭ. ಸತತವಾಗಿ ಎರಡು ಬಾರಿ ಗುರಿ ತಪ್ಪಿದವನ ಕೈಗೆ ಸುಧಾರಣಾ ಸೂಚನೆಯೆಂಬ ಕಾಗದ ಬರುತ್ತದೆ. ಅದರ ನಿಜವಾದ ಅರ್ಥ ಕಛೇರಿಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ. (ಎಲ್ಲರೂ ಸರ್ಕಾರಿ ಕೆಲಸಕ್ಕೆ ಬನ್ನಿರೆಂದು ನಾನು ಕರೆಯುತ್ತಿದ್ದೇನೆಂದು ತಿಳಿಯಬಾರದು, ಅಲ್ಲಿ ಕೂರಿಸಲು ಕುರ್ಚಿಗಳೇ ಇಲ್ಲ.)

ಆ ಏಣಿಯ ಕೆಳಗಿನ ಮೆಟ್ಟಿಲುಗಳನ್ನೂ ಈಗ ಕೀಳಲಾಗುತ್ತಿದೆ. ಅಮೆರಿಕದ ಸೇಲ್ಸ್‌ಫೋರ್ಸ್ ಸಂಸ್ಥೆಯ ಹೆಸರಿನ ಅರ್ಥವೇ ಮಾರಾಟಪಡೆ. ಅದರ ವ್ಯಾಪಾರ ಮಾರಾಟಗಾರರಿಗೆ ಸಾಫ್ಟ್‌ವೇರ್ ಒದಗಿಸುವುದು. 2025ರಲ್ಲಿ ಅದರ ಮುಖ್ಯಸ್ಥ ಮಾರ್ಕ್ ಬೆನಿಯಾಫ್, ಗ್ರಾಹಕ ನೆರವಿನ ಸಿಬ್ಬಂದಿಯನ್ನು 9,000ದಿಂದ ಸುಮಾರು 5,000ಕ್ಕೆ ಇಳಿಸಿದ್ದಾಗಿ ತಿಳಿಸಿದರು. ಅದೇ ಸಂದರ್ಭದಲ್ಲಿ ಅವರು ಹೇಳಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು: 26 ವರ್ಷಗಳಲ್ಲಿ ಹತ್ತು ಕೋಟಿಗೂ ಮಿಕ್ಕ ವಿಚಾರಣೆಗಳಿಗೆ ಮರುಕರೆ ಮಾಡಲು ತಮ್ಮಲ್ಲಿ ಜನವಿರಲಿಲ್ಲ, ಈಗ ಆ ಕೆಲಸವನ್ನು ಕೃತಕ ಬುದ್ಧಿಯ ಯಂತ್ರವೇ ಮಾಡುತ್ತಿದೆ ಎಂದು. ನಮ್ಮ ಹುಡುಗನ ಮೊದಲ ನೌಕರಿಯೆಂದರೆ ಆ ಮರುಕರೆಯೇ ಅಲ್ಲವೇ? ಅದೇ ಸಂಸ್ಥೆ 2024ರ ಡಿಸೆಂಬರಿನಲ್ಲಿ ಈ ಯಂತ್ರಬುದ್ಧಿಯನ್ನು ಮಾರಲು 2,000 ಜನರನ್ನು ನೇಮಿಸಿಕೊಳ್ಳುವುದಾಗಿ ಹೇಳಿತ್ತು, ನಿಜ. ಅವರು ದೊಡ್ಡ ಗ್ರಾಹಕರೆದುರು ಕುಳಿತು ಆ ಉದ್ಯಮದ ಒಳಹೊರಗುಗಳನ್ನು ಚರ್ಚಿಸಬಲ್ಲವರಾಗಿರಬೇಕು. ಬರೆದುಕೊಟ್ಟುದನ್ನು ಓದುವವರಿಗೆ ಅಲ್ಲಿ ಸ್ಥಳವಿಲ್ಲ.

ಬರೆದುಕೊಟ್ಟ ಮಾತು ಎಂದಾಗ ಒಂದು ಪ್ರಸಂಗ ನೆನಪಾಗುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮವರ ಹುಡುಗನೊಬ್ಬನನ್ನು ಒಂದು ಸಂಸ್ಥೆ ಕನ್ನಡ ಬಲ್ಲವನೆಂದೇ ಆರಿಸಿಕೊಂಡಿತು. ಹುಬ್ಬಳ್ಳಿ, ದಾವಣಗೆರೆಗಳ ವರ್ತಕರಿಗೆ ಕರೆ ಮಾಡುವ ಕೆಲಸ. ಅವನ ಕೈಯಲ್ಲಿದ್ದ ಮಾರಾಟದ ಮಾತುಗಳ ಹಾಳೆಯನ್ನು ನಾನು ನೋಡಿದೆ. ಕನ್ನಡವೆಲ್ಲ ದೇವನಾಗರಿಯಲ್ಲಿತ್ತು, ಏಕೆಂದರೆ ಕನ್ನಡ ಲಿಪಿ ಅವನಿಗೆ ಬಾರದು. ಓದು ಬರಹ ಕಲಿಸಲು ನಾವು ಯೋಗ್ಯವೆಂದು ಭಾವಿಸದಿದ್ದ ಭಾಷೆಗೆ ಮಾರುಕಟ್ಟೆ ಇಷ್ಟು ಬೆಲೆ ಕಟ್ಟಿತು. ಆ ಹಾಳೆಯನ್ನು ಯಂತ್ರವೂ ಕನ್ನಡದಲ್ಲಿಯೇ ಓದಬಲ್ಲ ದಿನಗಳಿವು.

ಬೆಂಗಳೂರಿನ ಬೈಜೂಸ್ ಕತೆ ಇದಕ್ಕೆ ನಿದರ್ಶನವಾಗಿ ಸಾಕು. ಪಾಠದ ಸಾಫ್ಟ್‌ವೇರನ್ನು ಮನೆಮನೆಗೆ ಮಾರಲು ಅದು ಯುವಕರ ದೊಡ್ಡ ಪಡೆಯನ್ನೇ ಕಟ್ಟಿತು. 2022ರಲ್ಲಿ ಅದರ ಮೌಲ್ಯ 2,200 ಕೋಟಿ ಡಾಲರ್ ಎನ್ನಲಾಗುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 2,500 ಜನರನ್ನು ಕೈಬಿಡುವುದಾಗಿ ಹೇಳಿತು. ಡಿಸೆಂಬರಿನಲ್ಲಿ, ಪೋಷಕರ ಮೇಲೆ ಒತ್ತಡ ಹೇರಿ ಮಾರಾಟ ಮಾಡಿದ ಆರೋಪದ ಕುರಿತು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅದರ ಮುಖ್ಯಸ್ಥರನ್ನು ಕರೆಸಿತು. 2024ರ ಜುಲೈನಲ್ಲಿ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಗುರಿಯ ಒತ್ತಡ ಮೇಲಿನಿಂದ ಇಳಿದದ್ದು. ಗ್ರಾಹಕನ ಬೈಗುಳ ತಿಂದವನು ಮಾತ್ರ ತುದಿಯಲ್ಲಿದ್ದ ಹುಡುಗ.

'ಸಮರ್ಥನಿಗೆ ಎಂದೂ ಕೆಲಸವಿದೆ. ಇನ್ಫೋಸಿಸ್‌ನ ನಂದನ್ ನಿಲೇಕಣಿಯವರೂ ಗ್ರಾಹಕರನ್ನು ಒಲಿಸಿಯೇ ಮೇಲೆ ಬಂದವರಲ್ಲವೇ?' ಎಂದು ವಾದಿಸುವ ಮಿತ್ರರಿದ್ದಾರೆ. ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ನಮ್ಮ ಪುಣೆಯಲ್ಲಿಯೇ, 1983ರಲ್ಲಿ ಬೆಂಗಳೂರಿಗೆ ಹೋಯಿತು. ಧಾರವಾಡದಲ್ಲಿ ಓದಿದ ನಿಲೇಕಣಿಯವರ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ. ಆದರೆ ಅವರು ಮುಂಬಯಿ ಐ.ಐ.ಟಿ.ಯ ಎಂಜಿನಿಯರು, ಸಂಸ್ಥೆಯ ಏಳು ಸ್ಥಾಪಕರಲ್ಲೊಬ್ಬರು. ತಾವು ಮಾರುತ್ತಿದ್ದುದನ್ನು ತಯಾರಿಸಲೂ ಬಲ್ಲವರು, ಮಾರಿದ್ದರ ಲಾಭದಲ್ಲಿ ಪಾಲುಳ್ಳವರು. ಇನ್ನೂ ಹಿಂದೆ ಹೋದರೆ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ನೆಲಕ್ಕೆ ವಿಷವೆಂದು ನಂಬಿದ್ದ ರೈತರು ಕೊಳ್ಳಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಹಿಡಿದವು. ಇಂದಿನ ಯಾವ ಮಾರಾಟ ಸಂಸ್ಥೆ ತನ್ನ ಹುಡುಗನಿಗೆ ಎರಡು ತ್ರೈಮಾಸಿಕಗಳಿಗಿಂತ ಹೆಚ್ಚಿನ ಅವಕಾಶ ಕೊಡುತ್ತದೆ?

ಕಾನೂನಿನ ವಿಚಾರವನ್ನೂ ಪ್ರಸ್ತಾಪಿಸಬೇಕು. ಔಷಧ ಕಂಪನಿಗಳ ಪ್ರತಿನಿಧಿಗಳು ಸಂಘಟಿತರಾಗಿ ಹೋರಾಡಿದ್ದರಿಂದ 1976ರಲ್ಲಿ ಮಾರಾಟ ಪ್ರಚಾರ ನೌಕರರ ಸೇವಾ ಷರತ್ತುಗಳ ಕಾಯಿದೆ ಬಂತು. 2011ರಲ್ಲಿ ಅದನ್ನು ಇತರ ಉದ್ಯಮಗಳಿಗೆ ವಿಸ್ತರಿಸಿದಾಗ ಕಂಪ್ಯೂಟರು ಮತ್ತದರ ಬಿಡಿಭಾಗಗಳು ಸೇರಿದವು. ಸಾಫ್ಟ್‌ವೇರ್ ಎಂದು ಬರೆಯಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯಿದೆ ಲೀನವಾಗಿದೆ. ಕಾರ್ಮಿಕ ಎಂಬುದರ ವ್ಯಾಖ್ಯೆಯಲ್ಲಿ ಮಾರಾಟ ಪ್ರಚಾರ ನೌಕರರಿಗೆ ಸ್ಥಾನವಿದೆ, ವ್ಯವಸ್ಥಾಪಕ ಸ್ವರೂಪದ ಹುದ್ದೆಯವರಿಗೆ ಇಲ್ಲ. ಕೈಕೆಳಗೆ ಯಾರೂ ಇಲ್ಲದ ಹುಡುಗನಿಗೆ ಮ್ಯಾನೇಜರ್ ಎಂಬ ಬಿರುದು ಏಕೆ ಅಷ್ಟು ಧಾರಾಳವಾಗಿ ದೊರೆಯುತ್ತದೆಂಬುದಕ್ಕೆ ಉತ್ತರ ಇಲ್ಲಿಯೂ ಇದ್ದೀತು. ಹುದ್ದೆಯ ಹೆಸರಿಗಿಂತ ವಾಸ್ತವ ಕರ್ತವ್ಯವೇ ಮುಖ್ಯವೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಅದನ್ನು ಸಾಧಿಸಿ ತೋರಿಸಲು ಕೆಲಸ ಕಳೆದುಕೊಂಡವನು ವರ್ಷಗಟ್ಟಲೆ ಅಲೆಯಬೇಕು, ನಡುವೆ ಮನೆಯ ಕಂತನ್ನೂ ಕಟ್ಟಬೇಕು.

ಎಲ್ಲ ದಾರಿಯೂ ಮುಚ್ಚಿದೆಯೆಂದಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದಾಗ, ಬೆಂಗಳೂರಿನ ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರನ್ನು ಮಾರುವುದರ ಜೊತೆಗೆ ರಿಟರ್ನ್ ತುಂಬುವುದನ್ನೂ ಕಲಿಸಬಲ್ಲ ಬಿ.ಕಾಂ. ಪದವೀಧರರನ್ನು ಪಿಂಪ್ರಿಯ ವರ್ತಕರು ಹುಡುಕಿಕೊಂಡು ಹೋದರು. ಲೆಕ್ಕಪತ್ರವೋ, ಆಸ್ಪತ್ರೆಯ ಆಡಳಿತವೋ, ಚಾಕಣದ ಯಂತ್ರಾಗಾರದ ಕೆಲಸವೋ, ಯಾವುದಾದರೂ ಒಂದನ್ನು ಬಲ್ಲವನು ಅದರ ಸಾಫ್ಟ್‌ವೇರನ್ನು ಮಾರಿದರೆ ಅವನ ಮಾತಿಗೆ ತೂಕವಿರುತ್ತದೆ. ಮಾರಾಟ ಕೈಕೊಟ್ಟರೂ ಮರಳಿ ಹೋಗಲು ಒಂದು ಕಸುಬಿರುತ್ತದೆ.

ನಮ್ಮ ಸಂಘವೂ ಇದರಲ್ಲಿ ನಿರಪರಾಧಿಯಲ್ಲ. ಯುವ ಪ್ರತಿಭೆಗಳನ್ನು ಸನ್ಮಾನಿಸುವಾಗ ಪ್ಯಾಕೇಜಿನ ಅಂಕಿಯನ್ನು ಧ್ವನಿವರ್ಧಕದಲ್ಲಿ ಓದುವ ಪದ್ಧತಿಯನ್ನು ಈ ವರ್ಷದಿಂದಲೇ ನಿಲ್ಲಿಸಬೇಕು. ಅದರ ಬದಲು ತಿಂಗಳಿಗೊಂದು ಸಂಜೆ ನೇಮಕಾತಿ ಪತ್ರಗಳನ್ನು ಓದಲು ಕುಳಿತುಕೊಳ್ಳೋಣ: ಚರ ವೇತನ ಎಷ್ಟು, ಯಾವ ಮಿತಿಯ ಕೆಳಗೆ ಸೊನ್ನೆ, ಹಿಂದಿನ ವರ್ಷ ಆ ತಂಡದಲ್ಲಿ ಗುರಿ ಮುಟ್ಟಿದವರು ಎಷ್ಟು ಜನ, ಈ ಹುದ್ದೆಯಲ್ಲಿ ಮೊದಲಿದ್ದವನು ಏಕೆ ಬಿಟ್ಟ ಎಂಬ ಪ್ರಶ್ನೆಗಳನ್ನು ಸಹಿ ಹಾಕುವ ಮುನ್ನವೇ ಸಂಸ್ಥೆಗೆ ಕೇಳುವಂತೆ ಹುಡುಗರನ್ನು ಸಿದ್ಧಪಡಿಸೋಣ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆಯನ್ನು ನಾನು ಮಂಡಿಸಲಿದ್ದೇನೆ. ಪತ್ರ ತರುವವರು ಹೆಸರು, ಸಂಸ್ಥೆಗಳನ್ನು ಮುಚ್ಚಿ ತಂದರೂ ಆದೀತು. ಮೂರನೆಯ ಪುಟವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಬಾರದು.