ಏರಿದ ಶಕ್ತಿ ಇಳಿಯುವಾಗ ಕಾಡುತ್ತದೆ

ಮಲೆನಾಡಿನಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗ ಹುಡುಗಿಯರು ಆಕಾಶ ನೋಡಿಯೇ ಮನೆಯಿಂದ ಹೊರಡುತ್ತಾರೆ. ಆದರೆ ಆ ಆಕಾಶವನ್ನು ನಂಬುವಂತಿಲ್ಲ. ಅಂಗಳದಲ್ಲಿ ಬಿಸಿಲು, ಏರಿನ ಅರ್ಧದಲ್ಲಿ ಮಂಜು, ದಿಬ್ಬದ ನೆತ್ತಿಯಲ್ಲಿ ಜಿಟಿಜಿಟಿ ಮಳೆ. ಆಚೆಯ ಇಳಿಜಾರಿನ ಕೊನೆಗೆ ಶಾಲೆ. ಪ್ರಾರ್ಥನೆಯ ಗಂಟೆಗೆ ಐದೇ ನಿಮಿಷ. ಏರುವಾಗ ಹೋದ ಹೊತ್ತನ್ನು ಇಳಿಯುವಾಗ ಸರಿದೂಗಿಸೋಣ ಎಂದು ಮಕ್ಕಳಿಗೆ ಅನ್ನಿಸುವುದು ಇಲ್ಲಿಯೇ. ಅಪಾಯವಿರುವುದೂ ಇಲ್ಲಿಯೇ.

ಇಷ್ಟು ಬೇಗ ಹವೆ ಬದಲಾಗುವುದೇಕೆ? ಬೆಟ್ಟಕ್ಕೆ ತಾಕಿದ ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆಯಾದ್ದರಿಂದ ಅದು ಹಿಗ್ಗಿ ತಣ್ಣಗಾಗುತ್ತದೆ. ಅದರಲ್ಲಿದ್ದ ನೀರಾವಿ ಹನಿಗಟ್ಟಿ ಮಂಜಾಗುತ್ತದೆ, ಹನಿಗಳು ದೊಡ್ಡದಾದಂತೆ ಮಳೆಯಾಗುತ್ತದೆ. ಅರಬ್ಬೀ ಸಮುದ್ರದ ಮುಂಗಾರು ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ಆಗುಂಬೆಯಲ್ಲಿ ಮಳೆ ಹುಯ್ಯುವುದು ಹೀಗೆಯೇ. ಸರಾಸರಿ ಲೆಕ್ಕದಲ್ಲಿ 1000 ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರಿನ ಸೈಕಲ್ ಸವಾರರು ಅಭ್ಯಾಸಕ್ಕೆಂದು ಹತ್ತುವ ನಂದಿಬೆಟ್ಟದ ಎತ್ತರ 1478 ಮೀಟರ್. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಅಂದರೆ ವ್ಯತ್ಯಾಸ ಮೂರೂವರೆ ಡಿಗ್ರಿಯಷ್ಟೇ.

ಅಷ್ಟು ಚಳಿ ಏರುವಾಗ ಗೊತ್ತೇ ಆಗುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಬಹುದು. ಹುಡುಗ, ಪುಸ್ತಕದ ಚೀಲ, ಸೈಕಲ್ ಎಲ್ಲ ಸೇರಿ 70 ಕಿಲೋಗ್ರಾಂ ಎಂದುಕೊಳ್ಳೋಣ. 100 ಮೀಟರ್ ಎತ್ತರ ಏರಲು 70 × 9.8 × 100, ಅಂದರೆ 68,600 ಜೂಲ್ ಕೆಲಸ ಆಗಬೇಕು. ಹತ್ತು ನಿಮಿಷದಲ್ಲಿ ಏರಿದರೆ ಸುಮಾರು 114 ವಾಟ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತವೆ. ಉಳಿದ ಮುಕ್ಕಾಲು ಪಾಲು ಶಾಖವಾಗುತ್ತದೆ. ಮೈ ಬೆವರುವುದು ಅದಕ್ಕೇ.

ನೆತ್ತಿ ದಾಟಿದೊಡನೆ ಎಲ್ಲವೂ ತಿರುಗುಮುರುಗು. ಪೆಡಲ್ ತುಳಿಯುವುದು ನಿಂತಿತು, ಮೈಯೊಳಗಿನ ಒಲೆ ಆರಿತು. ಬೆವರಿಗೂ ಮಳೆಗೂ ತೊಯ್ದ ಅಂಗಿಯ ಮೇಲೆ ಗಾಳಿ ರಭಸವಾಗಿ ಬೀಸುತ್ತದೆ. ನೀರು ಆವಿಯಾಗುತ್ತ ಮೈಯ ಶಾಖವನ್ನು ಎಳೆದೊಯ್ಯುತ್ತದೆ. ಮೊದಲು ಮರಗಟ್ಟುವುದು ಬೆರಳುಗಳು. ಬ್ರೇಕ್ ಹಿಡಿಯಬೇಕಾದ್ದು ಅವೇ ಬೆರಳುಗಳು!

ಇತ್ತ 68,600 ಜೂಲ್ ಎಲ್ಲಿಯೂ ಹೋಗಿಲ್ಲ. ಪ್ರಚ್ಛನ್ನ ಶಕ್ತಿಯಾಗಿ ಕಾದಿದೆ. ಗಾಳಿ, ಘರ್ಷಣೆ, ಬ್ರೇಕ್ ಯಾವುದೂ ತಡೆಯದಿದ್ದರೆ 100 ಮೀಟರ್ ಇಳಿಯುವಷ್ಟರಲ್ಲಿ ವೇಗ ಗಂಟೆಗೆ 159 ಕಿಲೋಮೀಟರ್ ಆದೀತು. ಗಾಳಿಯ ತಡೆ ಇರುವುದರಿಂದ ಅಷ್ಟಾಗುವುದಿಲ್ಲ ನಿಜ. ಆದರೆ ಉಳಿದ ಶಕ್ತಿಯನ್ನೆಲ್ಲ ಬ್ರೇಕಿನ ಪುಟ್ಟ ರಬ್ಬರು ತುಂಡುಗಳು ಉಜ್ಜಿ ಶಾಖವಾಗಿಸಬೇಕು. ರಿಮ್ಮಿನ ಮೇಲೆ ನೀರಿದ್ದರೆ ಘರ್ಷಣೆ ಕುಗ್ಗುತ್ತದೆ. ಉಕ್ಕಿನ ರಿಮ್ಮಿನಲ್ಲಂತೂ ತೀರ ಕುಗ್ಗುತ್ತದೆ. ಚಕ್ರ ಕೆಲವು ಸುತ್ತು ತಿರುಗಿ ನೀರು ಒರೆಸಿಹೋದ ಮೇಲೆಯೇ ಬ್ರೇಕ್ ಹಿಡಿಯುವುದು. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆಂಬ ಪಾಠವನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಆದ್ದರಿಂದ ಇಳಿಯುವ ಸಿದ್ಧತೆ ನೆತ್ತಿಯಲ್ಲೇ ಆಗಬೇಕು. ಒಂದು ನಿಮಿಷ ನಿಂತು ಎರಡೂ ಬ್ರೇಕ್ ಒತ್ತಿ ನೋಡಿ, ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ರೇನ್‌ಕೋಟನ್ನು ಏರುವಾಗ ಸಡಿಲ ಬಿಟ್ಟು ಇಲ್ಲಿ ಗುಂಡಿ ಹಾಕಿಕೊಳ್ಳಬೇಕು. ಹಿಂದೆ ಟೂರ್ ಡಿ ಫ್ರಾನ್ಸ್ ಪಂದ್ಯದ ಸವಾರರು ಪರ್ವತದ ನೆತ್ತಿಯಲ್ಲಿ ದಿನಪತ್ರಿಕೆಯನ್ನು ಅಂಗಿಯೊಳಗೆ ಎದೆಗಿಟ್ಟುಕೊಂಡು ಇಳಿಯುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಕಾಸಿಲ್ಲದ ಉಪಾಯ. ಇಳಿಯುವಾಗ ಎರಡೂ ಬ್ರೇಕನ್ನು ಆರಂಭದಿಂದಲೇ ಮೆಲ್ಲಗೆ ಹಿಡಿಯುತ್ತಿರಬೇಕು. ವೇಗ ತಗ್ಗಬೇಕಾದ್ದು ತಿರುವಿಗೆ ಮೊದಲು, ತಿರುವಿನೊಳಗಲ್ಲ. ಒದ್ದೆ ಎಲೆ, ಪಾಚಿ, ಮಂಜು ಕಂಡರೆ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.

ದಿನವೂ ಏರುವುದರಿಂದ ಕಾಲಿಗೂ ಉಸಿರಿಗೂ ಬಲ ಬರುತ್ತದೆ. ಇಳಿಯಲು ಬೇಕಾದ್ದು ಬಲವಲ್ಲ, ತಾಳ್ಮೆ. ಅದನ್ನು ಮಕ್ಕಳಿಗೆ ಕೊಡಬೇಕಾದವರು ದೊಡ್ಡವರು. ಮಳೆಗಾಲಕ್ಕೆ ಮುನ್ನ ಬ್ರೇಕ್ ರಬ್ಬರು ಸವೆದಿದೆಯೇ ಎಂದು ತಂದೆತಾಯಿ ನೋಡಬೇಕು. ಕಾಲು ಗಂಟೆ ಮೊದಲೇ ಮಗುವನ್ನು ಹೊರಡಿಸಬೇಕು. ಮಳೆಯಲ್ಲಿ ನೆನೆದು ತಡವಾಗಿ ಬಂದ ಮಗುವನ್ನು ಶಾಲೆ ಬಾಗಿಲಲ್ಲಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಅದು ಮರುದಿನ ಬ್ರೇಕ್ ಬಿಟ್ಟು ಬರುತ್ತದೆ. ಗಂಟೆ ನಾಳೆಯೂ ಹೊಡೆಯುತ್ತದೆ. ಅದನ್ನು ಕೇಳಲು ಮಗು ಕ್ಷೇಮವಾಗಿರಬೇಕು.