ಒಂದು ಊರು, ಒಬ್ಬ ಪೊಲೀಸಿನವ

ಗೊರ್ಬಚೇವರ ಕಾಲದ ಮಾಸ್ಕೋ ನಗರದಿಂದಲೂ ಅನಂತರ ಅಮೆರಿಕದಿಂದಲೂ ‘ಗಾರ್ಡಿಯನ್’ ಪತ್ರಿಕೆಗೆ ವರದಿಗಳನ್ನು ಬರೆದು ಕಳುಹಿಸಿದವರೂ, ಶೀತಲ ಸಮರದ ಇತಿಹಾಸವನ್ನು 1993ರಲ್ಲಿ ಗ್ರಂಥವಾಗಿ ಪ್ರಕಟಿಸಿದವರೂ ಆದ ಮಾರ್ಟಿನ್ ವಾಕರ್ ಎಂಬ ಬ್ರಿಟಿಷ್ ಲೇಖಕರು, ಅರುವತ್ತರ ಆಸುಪಾಸಿನ ವಯಸ್ಸಿನಲ್ಲಿ ನೈಋತ್ಯ ಫ್ರಾನ್ಸಿನ ಪೆರಿಗೋರ್ ಸೀಮೆಯ ಒಂದು ನದೀಕಣಿವೆಗೆ ದೃಷ್ಟಿಯನ್ನು ತಿರುಗಿಸಿ, ಸುಮಾರು ಮೂರು ಸಾವಿರ ಜನ ವಾಸಿಸುವ ಒಂದು ಊರನ್ನು ಕಲ್ಪಿಸಿ, ಆ ಊರಿನ ಪೊಲೀಸ್ ಮುಖ್ಯಸ್ಥನನ್ನು ನಾಯಕನನ್ನಾಗಿ ಮಾಡಿಕೊಂಡು 2008ರಿಂದ ಇಂದಿನವರೆಗೂ ಹೆಚ್ಚುಕಡಮೆ ವರ್ಷಕ್ಕೊಂದರಂತೆ ಕಾದಂಬರಿಗಳನ್ನು ಬರೆಯುತ್ತ ಬಂದಿದ್ದಾರೆ. ಲೋಕದ ದೊಡ್ಡ ವ್ಯವಹಾರಗಳನ್ನು ಕಂಡು ದಣಿದವರೊಬ್ಬರ ವಿಶ್ರಾಂತಿಯ ಬರಹವೆಂದು ಇದನ್ನು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ಈ ಮಳೆಗಾಲದಲ್ಲಿ ಆ ಸಂಪುಟಗಳನ್ನು ಪ್ರಕಟವಾದ ಕ್ರಮದಲ್ಲಿಯೇ ಓದುತ್ತ ಹೋದ ನಮಗಾದರೋ, ವಾಕರರು ಹಿಂದೆ ರಾಜಧಾನಿಗಳಲ್ಲಿ ಕುಳಿತು ಬರೆಯುತ್ತಿದ್ದ ಇತಿಹಾಸವನ್ನೇ ಈಗ ಸಂತೆಬೀದಿಯಲ್ಲಿ ನಿಂತು ಬರೆಯುತ್ತಿದ್ದಾರೆಂದು ತೋರಿತು.

ಊರಿನ ಹೆಸರು ಸಾಂ ದೆನಿ. ನಕ್ಷೆಯಲ್ಲಿ ಈ ಹೆಸರಿನ ಊರು ಅಲ್ಲಿ ಸಿಕ್ಕುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಹರಿಯುವ ವೆಜೇರ್ ನದಿ ನಿಜವಾದುದು, ಸುತ್ತಲ ಗುಹೆಗಳೂ ಕೋಟೆಗಳೂ ದ್ರಾಕ್ಷಿತೋಟಗಳೂ ನಿಜವಾದುವು. ಪೊಲೀಸಿನವನ ಪೂರ್ಣನಾಮ ಬೆನ್ವಾ ಕುರೇಜ್, ಊರವರೆಲ್ಲರ ಬಾಯಲ್ಲಿ ಬ್ರೂನೊ. ತಂದೆತಾಯಿಗಳನ್ನರಿಯದೆ ಬೆಳೆದವನು, ಸೈನ್ಯಕ್ಕೆ ಸೇರಿ, ಬೋಸ್ನಿಯಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದಾಗ ಗಾಯಗೊಂಡು, ಆಮೇಲೆ ಈ ಊರಿಗೆ ಬಂದು ನೆಲಸಿದವನು. ಹಳೆಯದೊಂದು ಕುರುಬರ ಗುಡಿಸಿಲನ್ನು ತಾನೇ ದುರಸ್ತು ಮಾಡಿಕೊಂಡು, ತೋಟ ಬೆಳಸಿ, ಕೋಳಿ ಸಾಕಿ, ಊರಿನ ಮಕ್ಕಳಿಗೆ ಟೆನಿಸ್ ಮತ್ತು ರಗ್ಬಿ ಆಟಗಳನ್ನು ಕಲಿಸಿಕೊಂಡಿರುವವನು.

ಈತನಿಗಿರುವ ಅಧಿಕಾರವಾದರೂ ಎಷ್ಟು? ಫ್ರಾನ್ಸಿನ ವ್ಯವಸ್ಥೆಯನ್ನರಿಯದ ಓದುಗರು ಇದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಕಥೆಗಳ ಮರ್ಮವಿರುವುದು ಇಲ್ಲಿಯೇ. ಆ ದೇಶದಲ್ಲಿ ಪಟ್ಟಣಗಳಿಗೆ ರಾಷ್ಟ್ರೀಯ ಪೊಲೀಸ್ ಇಲಾಖೆಯುಂಟು. ಗ್ರಾಮಪ್ರದೇಶಗಳಿಗೆ ಸೈನಿಕ ಸ್ವರೂಪದ ಜಾಂದಾರ್ಮ್ ಪಡೆಯುಂಟು. ಇವೆರಡೂ ಅಲ್ಲದೆ ಮೇಯರರ ಕೈಕೆಳಗೆ, ಆಯಾ ಊರಿಗೆ ಮಾತ್ರ ಸಂಬಂಧಿಸಿದ ಪೌರ ಪೊಲೀಸ್ ಎಂಬುದು ಮೂರನೆಯದು. ಬ್ರೂನೊ ಈ ಮೂರನೆಯ ವರ್ಗಕ್ಕೆ ಸೇರಿದವನು. ಕೊಲೆಯೊಂದು ನಡೆದರೆ ಅದರ ತನಿಖೆ ಸರ್ಕಾರಿ ಅಭಿಯೋಜಕರದು, ತನಿಖಾ ನ್ಯಾಯಾಧೀಶರದು, ಪೆರಿಗೇ ಪಟ್ಟಣದಿಂದ ಬರುವ ಪತ್ತೇದಾರರದು; ಶಾಸನದ ಪ್ರಕಾರ ಬ್ರೂನೊ ಅವರಿಗೆ ದಾರಿ ತೋರಿಸಿ ಪಕ್ಕಕ್ಕೆ ಸರಿದು ನಿಲ್ಲತಕ್ಕವನು. ಅವನ ಕೈಬಂದೂಕು ಕಚೇರಿಯ ತಿಜೋರಿಯಲ್ಲಿ ಬೀಗ ಹಾಕಿಕೊಂಡಿರುತ್ತದೆ. ವಾರ್ಷಿಕ ಅಭ್ಯಾಸಕ್ಕೆಂದು ಹೊರಬಂದರೆ ಉಂಟು. ಹೀಗಿದ್ದರೂ ದೊಡ್ಡ ಇಲಾಖೆಗಳ ಅಧಿಕಾರಿಗಳು ಕೊನೆಗೆ ಅವನ ಬಾಗಿಲಿಗೆ ಬರುತ್ತಾರೆ. ಯಾವ ಮನೆಯವರು ಯಾವ ಮನೆಯವರೊಡನೆ ಮಾತು ಬಿಟ್ಟಿದ್ದಾರೆ, ಯಾವ ಗದ್ದೆಯ ಗಡಿಯ ಮೇಲೆ ಎಷ್ಟು ತಲೆಮಾರಿನ ವ್ಯಾಜ್ಯವಿದೆ, ಸಂತೆಗೆ ಎಂದೂ ತಪ್ಪದ ಮುದುಕಿ ಈ ವಾರ ಏಕೆ ಬರಲಿಲ್ಲ ಎಂಬುದೆಲ್ಲ ಯಾವ ಕಡತದಲ್ಲಿಯೂ ಬರೆದಿರುವುದಿಲ್ಲ. ಅದನ್ನು ಬಲ್ಲವನು ಅವನೊಬ್ಬನೇ.

ಈ ಬಲ್ಲವಿಕೆ ಪ್ರೀತಿಯಿಂದ ಬಂದದ್ದು, ಆದುದರಿಂದಲೇ ಧರ್ಮಸಂಕಟಗಳನ್ನೂ ತಂದೊಡ್ಡತಕ್ಕದ್ದು. ಮೊದಲನೆಯ ಕಾದಂಬರಿಯಲ್ಲಿಯೇ, ಯೂರೋಪಿನ ಒಕ್ಕೂಟದ ಶುಚಿತ್ವದ ನಿಯಮಗಳನ್ನು ಹಿಡಿದು ಪರೀಕ್ಷಕರು ಸಂತೆಗೆ ಬಂದಾಗ, ತಲತಲಾಂತರದಿಂದ ಮನೆಯಲ್ಲೇ ಮಾಡಿದ ಗಿಣ್ಣು, ಮನೆಯ ಕೋಳಿಯ ಮೊಟ್ಟೆಗಳನ್ನು ತಂದು ಮಾರುವ ರೈತರಿಗೆ ಮುಂದಾಗಿ ಸೂಚನೆ ಕೊಡುವವನು ಶಾಸನಪಾಲಕನಾದ ಬ್ರೂನೊನೇ. ಅದೇ ಕಾದಂಬರಿಯ ಕೊಲೆಯ ವೃತ್ತಾಂತ ಇದಕ್ಕಿಂತ ಎಷ್ಟೋ ಗಂಭೀರವಾದುದು. ಅಲ್ಜೀರಿಯದಲ್ಲಿ ಹುಟ್ಟಿ, ಫ್ರಾನ್ಸಿನ ಪರವಾಗಿ ಯುದ್ಧ ಮಾಡಿ ಶೌರ್ಯಪದಕ ಪಡೆದ ಹಮೀದ್ ಎಂಬ ವೃದ್ಧನನ್ನು ಯಾರೋ ಕೊಂದು, ಅವನ ಎದೆಯ ಮೇಲೆ ನಾಜಿಗಳ ಚಿಹ್ನೆಯನ್ನು ಕೊರೆದು ಹೋಗಿರುತ್ತಾರೆ. ಅವನ ಮಗ ಊರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಉಪಾಧ್ಯಾಯ. ಮೊಮ್ಮಗ ಊರ ಕಾಫಿ ಅಂಗಡಿಯ ಯಜಮಾನ, ಬ್ರೂನೊ ತಾನೇ ತರಬೇತಿ ಕೊಟ್ಟ ರಗ್ಬಿ ಆಟಗಾರ. ವಲಸೆಗಾರರನ್ನು ದ್ವೇಷಿಸುವ ರಾಜಕೀಯ ಪಕ್ಷದವರ ಕೃತ್ಯವೆಂದು ಎಲ್ಲರಿಗೂ ಮೊದಲು ತೋರುತ್ತದೆ. ಆದರೆ ಅದೇ ಊರಿನಲ್ಲಿ, ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡಿದ ಇಬ್ಬರು ಮುದುಕರು, ಒಬ್ಬ ಕಮ್ಯೂನಿಸ್ಟ್, ಇನ್ನೊಬ್ಬ ದಗಾಲನ ಅನುಯಾಯಿ, ಯುದ್ಧ ಮುಗಿದಂದಿನಿಂದ ಒಬ್ಬರೊಡನೊಬ್ಬರು ಮಾತಾಡದೆ ಬದುಕಿರುತ್ತಾರೆಂಬುದನ್ನು ಲೇಖಕರು ಮೆಲ್ಲಗೆ ನಮ್ಮ ಕಿವಿಯ ಮೇಲೆ ಹಾಕಿರುತ್ತಾರೆ. ಮುಂದಿನದನ್ನು ಹೇಳಿ ಓದುಗರ ಸುಖವನ್ನು ನಾವು ಕೆಡಿಸಲಾರೆವು. ಇಷ್ಟನ್ನು ಮಾತ್ರ ಹೇಳಬಹುದು: ಸತ್ಯವೆಲ್ಲ ತಿಳಿದ ಮೇಲೆ, ಊರಿನ ಶಾಂತಿಗಾಗಿ ಅದರಲ್ಲೊಂದು ಭಾಗ ಕಡತದಿಂದ ಹೊರಗೆ ಉಳಿಯತಕ್ಕದ್ದೇ ಎಂಬ ಪ್ರಶ್ನೆಗೆ ಬ್ರೂನೊ ಕಂಡುಕೊಳ್ಳುವ ಉತ್ತರವನ್ನು ನಾವು ಪೂರ್ಣವಾಗಿ ಒಪ್ಪಲಾರೆವು, ಏಕೆಂದರೆ ಸತ್ತವನ ಮಕ್ಕಳು ಮೊಮ್ಮಕ್ಕಳಿಗೆ ಆ ಸತ್ಯ ಎಷ್ಟೇ ಕಹಿಯಾಗಿರಲಿ, ಅದು ಅವರದು. ಹೀಗೆ ನಾಯಕನೊಡನೆ ಮನಸ್ಸಿನಲ್ಲಿಯೇ ವಾದಕ್ಕೆ ನಿಲ್ಲುವಂತೆ ಮಾಡಿದ ಕಾದಂಬರಿಯನ್ನು ಕೇವಲ ಕಾಲಯಾಪನೆಯ ಸರಕೆಂದು ನಾವು ಹೇಗೆ ಎಣಿಸೋಣ?

ಇಂಥ ಮಾಲಿಕೆಗಳ ಮೇಲೆ ಸಾಮಾನ್ಯವಾಗಿ ಬರುವ ಒಂದು ಆಕ್ಷೇಪವುಂಟು: ಮೂರು ಸಾವಿರ ಜನರ ಊರಿನಲ್ಲಿ ವರ್ಷಕ್ಕೊಂದು ಕೊಲೆ ನಡೆಯುವುದು ಸಂಭಾವ್ಯವೆ? ಅಸಂಭಾವ್ಯವೇ ಸರಿ. ವಾಕರರು ಆ ಆಕ್ಷೇಪಕ್ಕೆ ಕೊಟ್ಟಿರುವ ಸಮಾಧಾನ ಮಾತ್ರ ನಮಗೆ ಬಹಳ ಹಿಡಿಸಿತು. ಅವರು ಆರಿಸಿಕೊಂಡ ಕಣಿವೆಯಲ್ಲಿ ನೆಲವೇ ಸತ್ತವರಿಂದ ತುಂಬಿದೆ. 1868ರಲ್ಲಿ ಕ್ರೋ ಮಾನ್ಯೋಂ ಎಂಬ ಆದಿಮಾನವನ ಅಸ್ಥಿಗಳು ದೊರೆತದ್ದು ಇಲ್ಲಿಯ ಲೆಜೇಜಿ ಗ್ರಾಮದಲ್ಲಿ. 1940ರಲ್ಲಿ ಹುಡುಗರ ಗುಂಪೊಂದು ಕಂಡುಹಿಡಿದ ಲಾಸ್ಕೋ ಗುಹೆಯ ಗೂಳಿ ಕುದುರೆಗಳ ಚಿತ್ರಗಳು ಇದೇ ನದಿಯ ಮೇಲ್ಭಾಗದಲ್ಲಿ. ಇಂಗ್ಲೆಂಡಿನ ದೊರೆಗಳೂ ಫ್ರಾನ್ಸಿನ ದೊರೆಗಳೂ ನೂರು ವರ್ಷಕ್ಕೆ ಮಿಗಿಲಾಗಿ ಕಾದಾಡಿದಾಗ ಕಟ್ಟಿ ಕೆಡವಿದ ದುರ್ಗಗಳು ನೆರೆಯ ದೊರ್ದೋನ್ ನದಿಯ ಎರಡು ದಡಗಳಲ್ಲಿಯೂ ಇವೆ. ಆ ಯುದ್ಧಕ್ಕೆ ತೆರೆಬಿದ್ದ 1453ರ ಕಾಸ್ಟಿಯೋಂ ಕದನವೂ ಅದೇ ನದಿಯ ಕೆಳಗಣ ತೀರದ್ದು. 1944ರ ಜುಲೈಯಲ್ಲಿ ನವಿಕ್ ಎಂಬ ನಿಲ್ದಾಣದಲ್ಲಿ ರೈಲನ್ನು ತಡೆದು ಫ್ರಾನ್ಸಿನ ಬ್ಯಾಂಕಿನ ಅಪಾರ ಹಣವನ್ನು ಹೊತ್ತೊಯ್ದವರು ಈ ಸೀಮೆಯ ಗುಪ್ತ ಹೋರಾಟಗಾರರೇ. 2013ರಲ್ಲಿ ಬಂದ ಸಂಪುಟವೊಂದರ ಎಳೆ ಆ ಹಣದ ಕಥೆಯಿಂದ ಹೊರಡುತ್ತದೆ. ಮತ್ತೊಂದರಲ್ಲಿ ಪುರಾತತ್ತ್ವ ವಿದ್ಯಾರ್ಥಿಗಳು ಆದಿಮಾನವನ ಸಮಾಧಿಯನ್ನು ಅಗೆಯುತ್ತಿರುವಾಗ ಅದರ ಪಕ್ಕದಲ್ಲೇ ಇತ್ತೀಚಿನ ಕಾಲದ ಶವವೊಂದು ಸಿಕ್ಕುತ್ತದೆ. ಈ ದಿನದ ಅಪರಾಧಕ್ಕೆ ಕಾರಣವನ್ನು ಹುಡುಕುವಾಗ ಪೊಲೀಸಿನವನು ಇತಿಹಾಸದ ವಿದ್ಯಾರ್ಥಿಯೂ ಆಗದೆ ವಿಧಿಯಿಲ್ಲ.

ಇದರ ಅತ್ಯಂತ ಹೃದಯಸ್ಪರ್ಶಿಯಾದ ನಿದರ್ಶನವೆಂದು ನಾವು ಎಣಿಸುವುದು 2014ರ ಸಂಪುಟವನ್ನು. ಯುದ್ಧಕಾಲದಲ್ಲಿ ಇಬ್ಬರು ಯೆಹೂದಿ ಮಕ್ಕಳನ್ನು ಊರವರು ಬಚ್ಚಿಟ್ಟು ಕಾಪಾಡಿದ ಹಳೆಯ ವೃತ್ತಾಂತವೊಂದು ಅಲ್ಲಿ ಬೆಳಕಿಗೆ ಬರುತ್ತದೆ. ಅದೇ ಕಾಲಕ್ಕೆ ಅದೇ ಊರಿನ ಮುಸಲ್ಮಾನ ಕುಟುಂಬದ ಸಾಮಿ ಎಂಬ ಹುಡುಗ, ಬುದ್ಧಿಯ ಬೆಳವಣಿಗೆ ಇತರರಂತಿಲ್ಲದೆ, ಯಂತ್ರಗಳ ಕೈಚಳಕ ಮಾತ್ರ ಅದ್ಭುತವಾಗಿರುವವನು, ಅಫ್ಘಾನಿಸ್ತಾನದಲ್ಲಿ ಭಯೋತ್ಪಾದಕರ ಕೈಗೆ ಸಿಕ್ಕಿ ಬಾಂಬುಗಳನ್ನು ಮಾಡುವ ಕೆಲಸಕ್ಕೆ ಬಳಕೆಯಾಗಿ, ಊರಿಗೆ ಹಿಂದಿರುಗುತ್ತಾನೆ. ಒಂದು ಕಾಲದಲ್ಲಿ ಅಪರಿಚಿತರ ಮಕ್ಕಳಿಗೆ ಆಶ್ರಯಕೊಟ್ಟ ಊರು ಈಗ ತನ್ನದೇ ಮಗುವಿಗೆ ಏನು ಮಾಡೀತು? ಲೇಖಕರು ಪ್ರಶ್ನೆಯನ್ನು ಹೀಗೆ ಬಾಯಿಬಿಟ್ಟು ಕೇಳುವುದಿಲ್ಲ. ಎರಡು ಕಥೆಗಳನ್ನೂ ಅಕ್ಕಪಕ್ಕದಲ್ಲಿ ಕೂರಿಸಿ ಸುಮ್ಮನಾಗುತ್ತಾರೆ. ಪತ್ರಿಕಾ ವೃತ್ತಿಯಲ್ಲಿ ಕಳೆದ ಆಯುಸ್ಸು ಅವರಿಗೆ ಕಲಿಸಿದ ಸಂಯಮ ಇದಾಗಿರಬೇಕು.

ಒಬ್ಬನೇ ಪತ್ತೇದಾರನ ಸುತ್ತ ಗ್ರಂಥಗಳನ್ನು ಬೆಳಸುವುದು ಹೊಸ ಸಂಪ್ರದಾಯವೇನೂ ಅಲ್ಲ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಓದುವ ಚಟವನ್ನು ಹಚ್ಚಿಕೊಂಡವರು ಎಷ್ಟೋ ಮಂದಿ. ಆ ಉಪಕಾರವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನಷ್ಟು ಧಾರಾಳವಾಗಿ ನೆನೆಯಬೇಕಾಗಿತ್ತು. ಜಾರ್ಜ್ ಸಿಮೆನಾನರ ಮೇಗ್ರೆ 1931ರಿಂದ 1972ರವರೆಗೆ 75 ಕಾದಂಬರಿಗಳಲ್ಲಿ ನಡೆದಾಡಿದರೂ ಮೊದಲಿಂದ ಕೊನೆಯವರೆಗೆ ಹೆಚ್ಚುಕಡಮೆ ಅದೇ ವಯಸ್ಸಿನವನಾಗಿ, ಅದೇ ಚುಂಗಾಣಿಯನ್ನು ಸೇದುತ್ತ ಇರುತ್ತಾನೆ. ಸ್ವೀಡನ್ನಿನ ಮೈ ಶೊವಾಲ್ ಮತ್ತು ಪೆರ್ ವಾಲೊ ಜೋಡಿ 1965ರಿಂದ 1975ರೊಳಗೆ ಬರೆದ ಹತ್ತು ಕಾದಂಬರಿಗಳಲ್ಲಿ ಸಮಾಜದ ಮೇಲಣ ಕೋಪವೇ ಮುಖ್ಯವಾದ ಉಸಿರು. ವಾಕರರ ಗುಣ ಬೇರೆ: ಅವರಲ್ಲಿ ಬೆಳೆಯುವುದು ಊರು. ಒಂದು ಸಂಪುಟದಲ್ಲಿ ಕ್ಷಣಕಾಲ ಕಾಣಿಸಿಕೊಂಡವರು ಮೂರು ಸಂಪುಟಗಳಾದ ಮೇಲೆ ಬಂದು ಎದುರಿಗೆ ನಿಲ್ಲುತ್ತಾರೆ, ಪರದೇಶದಿಂದ ಬಂದು ನೆಲಸಿದ ಪಮೆಲಾ ಊರಿನವಳೇ ಆಗುತ್ತಾಳೆ, ಬ್ರೂನೊ ಪ್ರೀತಿಸಿದ ಇಸಬೆಲ್ ಪ್ಯಾರಿಸ್ಸಿನ ದೊಡ್ಡ ಹುದ್ದೆಗೆ ಹೊರಟುಹೋಗುತ್ತಾಳೆ, ಮನೆ ತುಂಬ ಮಕ್ಕಳಿರಬೇಕೆಂದು ಬಯಸಿದ ಈ ಅನಾಥನ ಆಸೆ ಪುಸ್ತಕದಿಂದ ಪುಸ್ತಕಕ್ಕೆ ಮುಂದಕ್ಕೆ ಹೋಗುತ್ತದೆ. ಹತ್ತು ಸಂಪುಟಗಳನ್ನು ಓದಿದವನಿಗೆ ಸಾಂ ದೆನಿಯ ಸಂತೆಯಲ್ಲಿ ಯಾರು ಎಲ್ಲಿ ಅಂಗಡಿ ಹೂಡುತ್ತಾರೆಂಬುದು ಕೇಳದೆಯೇ ಗೊತ್ತಿರುತ್ತದೆ. ಆ ಪರಿಚಯದ ಮೇಲೆಯೇ ಅಲ್ಲಿ ನಡೆಯುವ ಕೊಲೆ ನಮ್ಮನ್ನು ನೋಯಿಸುವುದು.

ಅಡಿಗೆಯ ವಿಷಯವನ್ನು ಬಿಡುವಂತಿಲ್ಲ. ಬ್ರೂನೊ ಪಾಕಪ್ರವೀಣ, ತನಿಖೆ ಎಲ್ಲಿಗೇ ಬಂದು ನಿಂತಿರಲಿ, ಅತಿಥಿಗಳು ಬಂದರೆ ಒಲೆ ಹೊತ್ತಿಕೊಳ್ಳುತ್ತದೆ. ಬಾತುಕೋಳಿಯ ಕೊಬ್ಬು, ನೆಲದೊಳಗಣ ಕಪ್ಪು ಅಣಬೆ, ಬೆರ್ಜೆರಾಕಿನ ದ್ರಾಕ್ಷಾರಸ ಇವುಗಳ ವರ್ಣನೆ ಸಸ್ಯಾಹಾರಿಗಳಾದ ನಮ್ಮ ಓದುಗರಲ್ಲಿ ಹಲವರಿಗೆ ರುಚಿಸದೆ ಹೋಗಬಹುದು. ಆದರೂ ಆ ಊಟದ ಮೇಜಿನ ಸುತ್ತಲೇ ಪಕ್ಷಭೇದ ಮತಭೇದಗಳನ್ನು ಮರೆತು ಊರು ಒಂದಾಗುವುದರಿಂದ ಆ ಪುಟಗಳನ್ನು ದಾಟಿಸಿ ಓದಬಾರದೆಂದು ನಮ್ಮ ಸೂಚನೆ. ಆ ಕಪ್ಪು ಅಣಬೆಯ ವ್ಯಾಪಾರದಲ್ಲಿ ಚೀನಾದ ಅಗ್ಗದ ಮಾಲನ್ನು ಬೆರಸುವ ಮೋಸವೇ 2010ರ ಕಾದಂಬರಿಗೆ ವಸ್ತುವಾಗಿದೆ.

ದೋಷವನ್ನೂ ಹೇಳಬೇಕು. ಈಚಿನ ಕೆಲವು ಸಂಪುಟಗಳಲ್ಲಿ ಪ್ಯಾರಿಸ್ಸಿನ ಗೃಹಮಂತ್ರಾಲಯ, ಬೇಹುಗಾರರು, ಅಂತಾರಾಷ್ಟ್ರೀಯ ಒಳಸಂಚುಗಳು ಮಿತಿಮೀರಿ ನುಗ್ಗಿ, ನೆರೆಮನೆಯವರ ಮನಸ್ಸನ್ನರಿತು ನಡೆಯುವ ಬ್ರೂನೊನನ್ನು ಆಯುಧಪಾಣಿಯಾದ ಸಾಹಸಿಯನ್ನಾಗಿ ಮಾಡಿಬಿಡುತ್ತವೆ. ಇಂಥ ವೀರರು ಬೇರೆಡೆ ಬೇಕಾದಷ್ಟು ಮಂದಿ ಸಿಕ್ಕುವರು. ಸಂತೆಯಲ್ಲಿ ಎಲ್ಲರ ಕೈಕುಲುಕಿಕೊಂಡು ನಡೆಯುವ ಪೊಲೀಸಿನವನು ಅಪರೂಪ.

ಕೈಗೆ ಸಿಕ್ಕ ಸಂಪುಟದಿಂದಲೇ ಪ್ರಾರಂಭಿಸಬಹುದೆ ಎಂದು ಕೇಳುವವರುಂಟು. ಪ್ರತಿಯೊಂದರ ಕೊಲೆಯ ಕಥೆಯೂ ಅದರಲ್ಲಿಯೇ ಮುಗಿಯುವುದರಿಂದ ಅಡ್ಡಿಯೇನೂ ಇಲ್ಲ. ಆದರೆ ಬ್ರೂನೊನ ಬಾಲ್ಜಾಕ್ ಎಂಬ ನಾಯಿಯನ್ನು ನೀವು ನೇರವಾಗಿ ಭೇಟಿಯಾದರೆ, ಅದಕ್ಕೆ ಮುಂಚೆ ಅವನ ಜೊತೆಗಿದ್ದ ಜೀಜಿಯನ್ನು ಅರಿಯದೆ ಹೋಗುವಿರಿ. ಮರಿಯಾಗಿದ್ದ ಬಾಲ್ಜಾಕನನ್ನು ಅವನು ಮೊದಲ ಸಲ ಎತ್ತಿಕೊಂಡಾಗ ನಮಗಾದ ಭಾವ ನಿಮಗಾಗದು. ಆದುದರಿಂದ 2008ರ ಮೊದಲನೆಯ ಪುಸ್ತಕವನ್ನೇ ಹುಡುಕಿ ತಂದುಕೊಂಡು, ಬಂದ ಕ್ರಮದಲ್ಲಿ, ಬಿಡುವಾಗಿ ಓದಿರೆಂದು ನಮ್ಮ ವಿಜ್ಞಾಪನೆ.